ಖಾಲಿ ಎಂದು ಮಾರಿದ ಕೋವಿ

ಹಳೆಯ ಸಾಮಾನು ಮನೆಗೆ ಬಂದ ದಿನ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ತಂದವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಮನೆಯಲ್ಲಿರುವವರು ಅದನ್ನು ಎಲ್ಲಿಡುವುದೆಂದು ತಲೆ ಕೆರೆದುಕೊಳ್ಳುತ್ತಾರೆ. ಪೀಪಿ ಮೇಷ್ಟ್ರ ಮನೆಯಲ್ಲಿಯೂ ಆ ಭಾನುವಾರ ಹಾಗೆಯೇ ಆಯಿತು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬ್ಯಾಂಡಿನವರ ವಾದ್ಯಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಸೊಟ್ಟಗಾದ ಕಹಳೆ ಬರಲಿ, ಗಾಳಿ ಸೋರುವ ಕ್ಲಾರಿನೆಟ್ ಬರಲಿ, ಮೊದಲು ಬಾಯಿಗಿಟ್ಟು ಒಂದು ಸಲ ಊದುತ್ತಾರೆ. ರೋಗ ಎಲ್ಲಿದೆ ಎಂದು ಅಷ್ಟರಲ್ಲೇ ತಿಳಿಯುತ್ತದೆ. ಅವರ ಕೈಗುಣದ ಬಗ್ಗೆ ಬೀದಿಯಲ್ಲಿ ಎರಡು ಮಾತಿರಲಿಲ್ಲ.

ಅವರು ತಂದದ್ದು ಒಂದು ಕೇಪಿನ ಕೋವಿ. ತೋಟೆ ಹಾಕುವಂಥದ್ದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಬಟ್ಟೆಚೂರಿನಲ್ಲಿ ಸುತ್ತಿದ ಗುಂಡನ್ನು ಕೋಲಿನಿಂದ ಗಿಡಿದು, ಹಿಂದೆ ಕಿಡಿ ಹೊತ್ತಿಸುವ ಪುಟ್ಟ ಕೇಪು ಕೂರಿಸಿ ಹೊಡೆಯುವಂಥದ್ದು. ಅದನ್ನು ಮಾಡಿದ ಕಾರ್ಖಾನೆ ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಗುರಿ ಹೊಡೆಯುವ ಕ್ಲಬ್ಬಿಗೆ ಸೇರಿದ್ದ ಮೇಷ್ಟ್ರು ಪರವಾನಗಿ ಮಾಡಿಸಿಕೊಂಡು, ಔಷಧಿ ಅಂಗಡಿಯ ಯಜಮಾನರಿಂದ ಅದನ್ನು ಕೊಂಡಿದ್ದರು.

ಕೆಲಸದ ಮೇಜಿನ ಮೇಲೆ ಕೋವಿಯನ್ನು ಮಲಗಿಸಿ, ಮೆತ್ತನೆ ಬಟ್ಟೆಯಿಂದ ಒರೆಸಿದ್ದೇ ಒರೆಸಿದ್ದು.

"ಮದುವೆ ದಿನ ನನ್ನನ್ನೂ ಇಷ್ಟು ಹೊತ್ತು ನೋಡಿರಲಿಲ್ಲ ಬಿಡಿ," ಎಂದಳು ಹೆಂಡತಿ, ಚಹಾ ತಂದಿಡುತ್ತ.

"ನೀನು ನಡುನಡುವೆ ಮಾತಾಡ್ತಿದ್ದೆಯಲ್ಲ, ಇದು ಸುಮ್ಮನಿರುತ್ತೆ," ಎಂದರು ಮೇಷ್ಟ್ರು.

ಕೋವಿ ನೋಡಲೆಂದೇ ಬಂದಿದ್ದ ನಾದಿನಿ ನಕ್ಕಳು. ಅವಳು ಹೆಂಡತಿಯ ತಂಗಿ. ಆ ಕ್ಲಬ್ಬಿನಲ್ಲಿ ಹೊಸಬರಿಗೆ ಕೋವಿ ಹಿಡಿಯುವುದನ್ನು ಕಲಿಸುವವಳು. ಬಗ್ಗಿ ನೋಡಿದಳು. ಮರಕ್ಕೂ ಕಬ್ಬಿಣಕ್ಕೂ ನಡುವೆ ಕೂದಲೆಳೆ ಹೋಗುವಷ್ಟೂ ಸಂದಿಲ್ಲ. ತಿರುಪುಗಳ ತಲೆಯ ಗೆರೆಗಳೆಲ್ಲ ಒಂದೇ ದಿಕ್ಕಿಗೆ ನಿಂತಿವೆ.

"ಸುಳ್ಳು ಯಾಕೆ ಹೇಳಲಿ ಭಾವ, ಕಣ್ಣು ಕೀಳೋಕಾಗ್ತಿಲ್ಲ. ಎಂಥ ಕೆಲಸಗಾರರಿದ್ರು ಆ ಕಾರ್ಖಾನೇಲಿ. ಅಂದಹಾಗೆ, ಒಳಗೆ ಈಡು ಇದೆಯಾ ಅಂತ ನೋಡಿದ್ರಾ?"

"ಖಾಲಿ ಅಂತ ಯಜಮಾನರೇ ಹೇಳಿದ್ರು. ಅವರು ಸುಳ್ಳು ಹೇಳೋ ಪೈಕಿ ಅಲ್ಲ. ಇರು, ಈಗಲೇ ನೋಡೋಣ."

ಅವಳು ಬೇಡ ಎನ್ನುವಷ್ಟರಲ್ಲಿ ಮೇಷ್ಟ್ರು ತಮ್ಮ ಅಭ್ಯಾಸದಂತೆ ನಳಿಗೆಗೆ ಬಾಯಿ ಹಚ್ಚಿ ಊದಿಯೇ ಬಿಟ್ಟಿದ್ದರು. ಕೆನ್ನೆ ಉಬ್ಬಿತೇ ಹೊರತು ಗಾಳಿ ಆಚೆ ಹೋಗಲಿಲ್ಲ.

"ಕಸ ಕಟ್ಟಿದೆ. ಸ್ವಲ್ಪ ಬಿಸಿ ತೋರಿಸಿದ್ರೆ ಸಡಿಲ ಆಗುತ್ತೆ," ಎಂದು ಗ್ಯಾಸಿನ ದೀಪಕ್ಕೆ ಕೈ ಹಾಕಿದರು. ಬಿಗಿದುಕೊಂಡ ಕಹಳೆಯ ಕೊಳವೆಗಳನ್ನು ಅವರು ಬಿಡಿಸುತ್ತಿದ್ದದ್ದು ಹಾಗೆಯೇ.

ನಾದಿನಿ ದೀಪವನ್ನು ಎತ್ತಿ ಕಿಟಕಿಯ ಮೇಲಿಟ್ಟಳು. ನಗು ಹೋಗಿತ್ತು. "ಭಾವ, ಕೋವಿ ಬಾಯಿ ಆ ದಪ್ಪ ಗೋಡೆ ಕಡೆ ಇರಲಿ. ಅಕ್ಕ, ನೀನು ನನ್ನ ಹಿಂದೆ ಬಾ."

"ಏನಮ್ಮ ನಿಂದು, ಗುಮ್ಮನ್ನ ಕಂಡ ಹಾಗೆ. ಇದ್ರೂ ಇಷ್ಟು ವರ್ಷದಲ್ಲಿ ಮದ್ದು ಮಣ್ಣಾಗಿರುತ್ತೆ."

"ಮದ್ದಿಗೆ ವಯಸ್ಸಾಗಲ್ಲ ಭಾವ. ಒಣಗಿದ್ರೆ ಸಾಕು, ತುಂಬಿದ ದಿನದ ಹಾಗೇ ಹೊತ್ಕೊಳ್ಳುತ್ತೆ. ಕೇಪೂ ಬೇಡ, ನಿಮ್ಮ ಗ್ಯಾಸಿನ ಬಿಸಿಯೇ ಸಾಕು. ನನ್ನ ಮಾತು ನಂಬಬೇಡಿ, ಅಳೆದು ನೋಡೋಣ."

ಹಿಂದೆ ಕೇಪು ಇಲ್ಲವೆಂದು ಮೊದಲು ನೋಡಿಕೊಂಡಳು. ಆಮೇಲೆ ಪಕ್ಕಕ್ಕೆ ನಿಂತು, ನಳಿಗೆಯೆದುರು ತಲೆ ತಾರದೆ, ಗಿಡಿಯುವ ಕಬ್ಬಿಣದ ಕೋಲನ್ನು ಮೆಲ್ಲಗೆ ಒಳಗೆ ಬಿಟ್ಟಳು. ಕೋಲು ಹೋಗಿ ನಿಂತಿತು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ನಾದ ಬರಲಿಲ್ಲ. ಮೂಟೆಗೆ ಗುದ್ದಿದ ಹಾಗೆ ಮಂದ ಸದ್ದು. ಕಿವಿಯೇ ಬಂಡವಾಳವಾಗಿದ್ದ ಮೇಷ್ಟ್ರ ಹುಬ್ಬು ಗಂಟಿಕ್ಕಿತು.

ಬಾಯಿಯ ಅಂಚಿಗೆ ಸರಿಯಾಗಿ ಕೋಲಿಗೆ ಸೀಮೆಸುಣ್ಣದ ಗುರುತು ಹಾಕಿ, ಹೊರಗೆಳೆದು, ನಳಿಗೆಯ ಪಕ್ಕದಲ್ಲೇ ಉದ್ದಕ್ಕೆ ಹಿಡಿದಳು. "ಗುರುತು ಬಾಯಿಗೆ ಸರಿಯಾಗಿದೆ. ಖಾಲಿಯಿದ್ರೆ ಈ ತುದಿ ಕೇಪು ಕೂರೋ ಜಾಗದವರೆಗೂ ಬರಬೇಕಿತ್ತು. ನೀವೇ ನೋಡಿ."

ನಾಲ್ಕು ಬೆರಳು ಕಡಿಮೆ ಇತ್ತು. ಜೀವಮಾನವೆಲ್ಲ ಕೊಳವೆ ಅಳೆದ ಮನುಷ್ಯನಿಗೆ ಆ ನಾಲ್ಕು ಬೆರಳಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಕುರ್ಚಿಯಲ್ಲಿ ಕುಸಿದು ಕೂತರು. ಹೆಂಡತಿ ಸೆರಗಿನಿಂದ ಅವರ ತುಟಿಗೆ ಹತ್ತಿದ್ದ ತುಕ್ಕನ್ನು ಒರೆಸಿದಳು.

ನಾದಿನಿ ಫೋನು ಮಾಡಿ ಪರವಾನಗಿ ಇದ್ದ ಕೋವಿ ರಿಪೇರಿಯವರನ್ನು ಕರೆಸಿದಳು. ಅವರು ಒಳಗಿನ ಮದ್ದನ್ನು ಚೆನ್ನಾಗಿ ನೆನೆಸಿ, ತುದಿಗೆ ತಿರುಪಿದ್ದ ಕೋಲಿನಿಂದ ಜಗ್ಗಿ ತೆಗೆದರು. ಮೊದಲು ಸೀಸದ ಗುಂಡು, ಜೊತೆಗೆ ಬಿಳಿ ಚುಕ್ಕಿಯ ನೀಲಿ ಬಟ್ಟೆಚೂರು, ಕೊನೆಗೆ ಕಪ್ಪು ರಾಡಿ ಬಂತು.

"ಬಾಳಿಕೆ ಬರೋ ಕೋವಿ ಸ್ವಾಮಿ," ಎಂದರು ರಿಪೇರಿಯವರು, ನಳಿಗೆಯನ್ನೂ ಕೇಪಿಗೆ ಹೊಡೆಯುವ ಸುತ್ತಿಗೆಯ ಭಾಗವನ್ನೂ ಬಿಚ್ಚಿ ನೋಡಿದ ಮೇಲೆ. "ಆದ್ರೆ ಮಾಡಿದವರು ಈಗಿಲ್ಲ, ಏನಾದ್ರೂ ಕೇಳೋಣ ಅಂದ್ರೆ ಬಾಗಿಲೇ ಇಲ್ಲ. ಕಂಡಕಂಡ ಮದ್ದು ಹಾಕಬೇಡಿ. ಇದಕ್ಕೆ ಕರಿಮದ್ದೇ ಆಗಬೇಕು. ತೋಟೆಯೊಳಗಿನ ಮದ್ದು ಹಾಕಿದ್ರೆ ನಳಿಗೆ ಸೀಳಿಹೋಗುತ್ತೆ."

ಮೇಷ್ಟ್ರು ಆ ಬಟ್ಟೆಚೂರನ್ನು ಔಷಧಿ ಅಂಗಡಿಗೆ ಒಯ್ದರು. ಜಗಳಕ್ಕಲ್ಲ, ಹೇಳದೆ ಇರಲಾಗಲಿಲ್ಲ. ಯಜಮಾನರು ಕನ್ನಡಕ ಏರಿಸಿ ಅದನ್ನು ನೋಡುತ್ತಾ ನಿಂತರು.

"ಇದು ನಮ್ಮಮ್ಮನ ರವಿಕೆ ಬಟ್ಟೆ," ಎಂದರು. "ಹಾಗಾದ್ರೆ ಅಪ್ಪನೇ ತುಂಬಿಟ್ಟದ್ದು. ನನ್ನಾಣೆಗೂ ಗೊತ್ತಿರಲಿಲ್ಲ ಮೇಷ್ಟ್ರೇ. ಚಿಕ್ಕವನಿದ್ದಾಗ ಅದರ ಬಾಯಿಗೆ ಕಣ್ಣಿಟ್ಟು ದುರ್ಬೀನು ಅಂತ ಆಡ್ತಿದ್ದೆ." ಬಟ್ಟೆಚೂರನ್ನು ಮಡಚುತ್ತ ಹೇಳಿದರು: "ಹೋದ ತಿಂಗಳು ನನ್ನ ಮೊಮ್ಮಗಳೂ ಹಾಗೇ ಆಡಿದ್ಲು."

ಮೇಷ್ಟ್ರು ಅವರ ಕೈ ಹಿಡಿದುಕೊಂಡರು.

ಮನೆಗೆ ಬಂದವರೇ ಖಾಲಿ ನಳಿಗೆಗೆ ಕೋಲು ಇಳಿಸಿದರು. ಈ ಸಲ ಠಣ್ ಎಂದಿತು. ಬಾಯಿಯ ಅಂಚಿಗೆ ಸರಿಯಾಗಿ ಕೋಲಿನ ಸುತ್ತ ಒಂದು ಸಣ್ಣ ಗೆರೆ ಕೊರೆದು, ಅದಕ್ಕೆ ಹಿತ್ತಾಳೆ ತುಂಬಿ ನುಣುಪು ಮಾಡಿದರು. ಆ ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ ಎಂದೇ ಅರ್ಥ. ನಾದಿನಿ ಅದನ್ನು ಬೆರಳಿನಿಂದ ಸವರಿ, "ಆ ಕಾರ್ಖಾನೆಯವರು ಇದೊಂದು ಮರೆತಿದ್ರು, ನೀವು ಪೂರ್ತಿ ಮಾಡಿದ್ರಿ ಭಾವ," ಎಂದಳು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಮುಂದಿನ ವಾರ ಕ್ಲಬ್ಬಿನಲ್ಲಿ ಅದೇ ಕೋವಿಯಿಂದ ಹೊಡೆದ ಮೊದಲ ಗುಂಡು ಗುರಿಯ ನಡುವಿನ ಕರಿ ಬೊಟ್ಟಿನ ಅಂಚಿಗೇ ಬಿತ್ತು. ಬೀಗ ಹಾಕಿಟ್ಟ ಕೋವಿಯನ್ನು ಹೊರಗೆ ತೆಗೆದಾಗಲೆಲ್ಲ ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಾಳೆ: "ರೀ, ಅಳೆದ್ರಾ?"

ಬಂಧುಗಳೇ, ನಿಮ್ಮ ಗೋಡೆಯ ಮೇಲೂ ಇಂಥ ಕೋವಿ ಇರಬಹುದು. ನಾಳೆ ನೀವೂ ಒಂದನ್ನು ಕೊಳ್ಳಬಹುದು. ಕೊಳ್ಳಿ, ಮೆಚ್ಚಿ, ಅದನ್ನು ಮಾಡಿದ ಕೈಗಳನ್ನು ನೆನೆಯಿರಿ. ಆದರೆ ಖಾಲಿ ಎಂದು ಯಾರೇ ಹೇಳಲಿ, ಪ್ರಾಮಾಣಿಕರೇ ಹೇಳಲಿ, ಈಡು ತುಂಬಿದೆ ಎಂದೇ ತಿಳಿಯಿರಿ. ಊದಬೇಡಿ, ಕಣ್ಣಿಡಬೇಡಿ, ಬಿಸಿ ತೋರಿಸಬೇಡಿ. ಬಲ್ಲವರನ್ನು ಕರೆಸಿ ಅಳೆಸಿ. ನಮ್ಮ ಪೀಪಿ ಮೇಷ್ಟ್ರು ಈಗಲೂ ಸಂಜೆ ಹೊತ್ತು ಅಂಗಡಿಯಲ್ಲಿ ಕೂತು ಕಹಳೆ ಊದುತ್ತಾರೆ. ನಿಮ್ಮ ಮನೆಯವರ ದನಿಯೂ ಹಾಗೆಯೇ ನಿಲ್ಲದಿರಲಿ, ಇಂದೇ ಅಳೆಸಿ ನೋಡಿ.