ಅಮ್ಮ ಕಟ್ಟಿಕೊಟ್ಟ ಚೀಲ

ನಮ್ಮಮ್ಮನಿಗೆ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆ ಗೊತ್ತಾಯಿತು. ವರ ದೋನ್ ಇಲಾರಿಯೊ, ಅಮ್ಮನ ಎದುರು ಮನೆಯವರು, ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಫೋನಿನಲ್ಲಿ ಸುದ್ದಿ ಕೇಳಿ ನಾನು ಅಡುಗೆಮನೆಯಲ್ಲೇ ಕುಣಿದೆ. ಆಮೇಲೆ ಅಮ್ಮ ಆಡಿದ ಮಾತಿಗೆ ಕುಣಿತ ನಿಂತುಹೋಯಿತು.

“ಲಾಸೊ ನೀನೇ ಹಾಕ್ಬೇಕು ಒತಿಲಿಯಾ. ನೀನು ಬರದೆ ನಾನು ಮದುವೆ ಆಗಲ್ಲ. ಪಾದ್ರಿಗಳ ಹತ್ರಾನೂ ಹೇಳ್ಬಿಟ್ಟಿದ್ದೀನಿ.”

ಮಂಡಿಯೂರಿದ ಗಂಡು ಹೆಣ್ಣಿನ ಹೆಗಲಿಗೆ ಒಟ್ಟಿಗೇ ಹಾಕುವ ಜೋಡಿ ಕುಣಿಕೆಯ ಸರವೇ ಲಾಸೊ. ಅದನ್ನು ಹಾಕುವುದು ದೊಡ್ಡ ಗೌರವ. ಹಾಕಲು ಎರಡು ಕೈ ಸಾಕು. ಆದರೆ ನನ್ನ ಕೈ ಇದ್ದದ್ದು ಅಮೆರಿಕದ ಎಲ್ ಪಾಸೊದಲ್ಲಿ, ಅಮ್ಮನ ಹೆಗಲು ಮೆಕ್ಸಿಕೊದ ಹ್ವಾರೆಸ್‌ನಲ್ಲಿ. ಮಧ್ಯೆ ಕೋಳಿಯೂ ಮುಳುಗದಷ್ಟು ನೀರಿರುವ ಒಂದು ನದಿ, ಅದರ ಮೇಲೊಂದು ಸೇತುವೆ, ಸೇತುವೆಯ ಈ ತುದಿಯಲ್ಲಿ ಅಮೆರಿಕದ ಗಡಿಯ ಅಧಿಕಾರಿಗಳು. ನಮ್ಮ ತಾರಸಿಯಲ್ಲಿ ನಿಂತರೆ ಅಮ್ಮನ ಬೀದಿಯ ನೀರಿನ ಟ್ಯಾಂಕ್ ಕಾಣುತ್ತದೆ. ಅಮ್ಮನಿಗೆ ಈ ಕಡೆ ಬರಲು ವೀಸಾ ಇಲ್ಲ. ನನಗೆ ಇಪ್ಪತ್ತನಾಲ್ಕು ವರ್ಷದಿಂದ ಇಲ್ಲಿ ನೆಲೆಸಲು ಕೊಡುವ ಗ್ರೀನ್ ಕಾರ್ಡಿದೆ, ಆದರೂ ಆರು ವರ್ಷದಿಂದ ನಾನು ಆ ಸೇತುವೆ ಹತ್ತಿರಲಿಲ್ಲ.

ಅದಕ್ಕೆ ಕಾರಣ ಒಂದು ಬೊಲೋನಿಯಾ. ಅಮ್ಮನ ಮನೆಯಿಂದ ಯಾರೂ ಬರಿಗೈಯಲ್ಲಿ ಹೊರಡುವಂತಿಲ್ಲ. ಬೇಡ ಎಂದರೆ ಕೇಳುವವಳಲ್ಲ, ಕದ್ದು ಇಡುತ್ತಾಳೆ. ಬೂಟಿನೊಳಗೆ ಗಿಣ್ಣು, ಕಾಲುಚೀಲದೊಳಗೆ ಸೀಬೆಹಣ್ಣು, ಒಮ್ಮೆ ನನ್ನ ಮಗುವಿನ ಲಂಗೋಟಿಯ ಗಂಟಿನೊಳಗೆ ಒಣಮೆಣಸಿನಕಾಯಿ. ಆರು ವರ್ಷದ ಹಿಂದೆ ಗಡಿಯಲ್ಲಿ ಅಧಿಕಾರಿ, “ಮಾಂಸ, ಹಣ್ಣು ಏನಾದ್ರೂ ಇದೆಯಾ?” ಎಂದು ಕೇಳಿದ. ನಾನು ಇಲ್ಲ ಎಂದೆ. ನನಗೆ ತಿಳಿದ ಮಟ್ಟಿಗೆ ಅದು ಸತ್ಯವೇ. ಅವನು ಚೀಲಕ್ಕೆ ಕೈ ಹಾಕಿ, ನನ್ನ ಒಳಲಂಗಗಳ ಕೆಳಗಿನಿಂದ, ಕೆಂಪು ಹಾಳೆ ಸುತ್ತಿದ ಬೊಲೋನಿಯಾ ಎಂಬ ತೊಡೆಗಾತ್ರದ ಹಂದಿಮಾಂಸದ ಉರುಳೆಯನ್ನು ಎಲ್ಲರೆದುರು ಎಳೆದ. ದಂಡ ಕಟ್ಟಿದೆ. ಕಂಪ್ಯೂಟರಿನಲ್ಲಿ ನನ್ನ ಹೆಸರು ಬರೆದುಕೊಂಡರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ನನ್ನದು ಹೋದದ್ದು ಬೊಲೋನಿಯಾಕ್ಕೆ.

ಈಗಂತೂ ಕಾಲ ಇನ್ನೂ ಬಿಗಿಯಾಗಿತ್ತು. ಪಕ್ಕದ ಮನೆಯ ತೆಂಚಾ ದಿನಕ್ಕೊಂದು ಹೊಸ ಸುದ್ದಿ ಹೊತ್ತು ಬರುತ್ತಿದ್ದಳು.

“ಕಾರ್ಡಿದ್ದೋರನ್ನೂ ತಡೆದು ಕೂರಿಸ್ಕೋತಾರಂತೆ ಕಣೇ. ಫೋನ್ ತೆಗೆದು ನೋಡ್ತಾರಂತೆ. ಹಳೇದೆಲ್ಲ ಕೆದಕ್ತಾರಂತೆ. ನಿಂದಂತೂ ಇದ್ದೇ ಇದೆಯಲ್ಲ, ಆ ಹಂದಿ ಕೇಸು!”

“ಕೇಸಲ್ಲ ತೆಂಚಾ, ದಂಡ.”

“ಅವರಿಗೆ ಎರಡೂ ಒಂದೇ.”

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಶಾಲೆಯ ಅಡುಗೆಮನೆಯ ಕೆಲಸ, ಈ ಮನೆ, ಗಂಡ, ಎಲ್ಲ ಇದ್ದದ್ದು ಈ ಕಡೆ. ವಾಪಸು ಬಿಡದಿದ್ದರೆ? ನನ್ನ ಗಂಡ ಫೆರ್ಮಿನ್‌ನನ್ನು ಕೇಳಿದೆ. “ಹೋಗು ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ,” ಎಂದ. ಮೂವತ್ತು ವರ್ಷ ಸಂಸಾರ ಮಾಡಿ ಅವನು ಕಲಿತ ಜಾಣತನ ಅಷ್ಟೇ.

ಮದುವೆ ಮೇ ತಿಂಗಳಿಂದ ಜೂನಿಗೆ ಹೋಯಿತು, ಜೂನಿನಿಂದ ಆಗಸ್ಟಿಗೆ. ಅಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಕೊನೆಗೆ ಒಂದು ಭಾನುವಾರ ವರನೇ ಫೋನ್ ಮಾಡಿದರು.

“ಮಗಳೇ, ನನಗೇನೂ ಅವಸರ ಇಲ್ಲಮ್ಮ,” ಎಂದರು ದೋನ್ ಇಲಾರಿಯೊ, ಸಂಕೋಚದಿಂದ ಕೆಮ್ಮುತ್ತ. “ಆದ್ರೆ ನನಗೆ ಎಪ್ಪತ್ತೈದು.”

ಮರುಶನಿವಾರವೇ ಚರ್ಚಿನ ಹಾಲ್‌ನಲ್ಲಿ ಪುಕ್ಕಟೆ ಸಲಹೆ ಕೊಡುವ ಲಾಯರಮ್ಮನ ಮುಂದೆ ಹೋಗಿ ಕೂತೆ. ಹುಡುಗಿಗೆ ಹೆಚ್ಚೆಂದರೆ ಮೂವತ್ತು. ಪ್ರಶ್ನೆಗಳನ್ನು ಪಟಪಟನೆ ಕೇಳಿದಳು. ಜೈಲು? ಇಲ್ಲ. ಪೊಲೀಸ್ ಕೇಸು? ಇಲ್ಲ. ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗೆ ಇದ್ದದ್ದು? ಇಲ್ಲ. ಕಾರ್ಡಿನ ಅವಧಿ? ಇನ್ನೂ ಇದೆ.

“ಮತ್ತೆ ಭಯ ಯಾಕೆ, ಅಮ್ಮಾ?”

“ಬೊಲೋನಿಯಾ,” ಎಂದೆ.

ಕಥೆ ಪೂರ್ತಿ ಕೇಳುವಾಗ ಅವಳು ಪೆನ್ನನ್ನು ತುಟಿಗೆ ಒತ್ತಿ ಹಿಡಿದಿದ್ದಳು. ನಗು ತಡೆಯಲು ಅಂತ ನನಗೆ ಗೊತ್ತಾಯಿತು, ಸಿಟ್ಟೂ ಬಂತು.

“ಅದು ಅಪರಾಧ ಅಲ್ಲಮ್ಮ. ದಂಡ ಕಟ್ಟಿದ್ರಿ, ಮುಗೀತು. ಏನೂ ಆಗಲ್ಲ ಅಂತ ಈ ಕಾಲದಲ್ಲಿ ಯಾವ ಲಾಯರೂ ಬರೆದುಕೊಡಲ್ಲ. ಆದ್ರೆ ನಿಮ್ಮ ಜಾಗದಲ್ಲಿ ನಾನಿದ್ರೆ ಹೋಗಿ ಬರ್ತಿದ್ದೆ. ನನ್ನ ನಂಬರನ್ನ ಚೀಟೀಲಿ ಬರೆದಿಟ್ಕೊಳ್ಳಿ. ತಿನ್ನೋದು ಏನೂ ತರಬೇಡಿ. ಒಂದು ಮಾತು ನೆನಪಿರಲಿ, ಗೊತ್ತಿಲ್ಲದ್ದನ್ನ ಇಲ್ಲ ಅನ್ನಬೇಡಿ. ಗೊತ್ತಿಲ್ಲ ಅನ್ನಿ.”

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಹೋಗುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ. ಅಮ್ಮನಿಗೆ ಫೋನ್ ಮಾಡಿ ಒಂದೇ ಷರತ್ತು ಹಾಕಿದೆ.

“ನನ್ನ ಚೀಲ ಮುಟ್ಟಕೂಡ್ದು.”

“ನಾನ್ಯಾಕೆ ಮುಟ್ಟಲಿ?” ಎಂದಳು. ಅಷ್ಟು ಬೇಗ ಒಪ್ಪಿದ್ದೇ ನನಗೆ ಹಿಡಿಸಲಿಲ್ಲ.

ಮದುವೆ ಹೇಗಾಯಿತು ಅನ್ನುತ್ತೀರಾ? ಅಮ್ಮ ತಿಳಿನೀಲಿ ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿ, ಚರ್ಚಿನ ಬಾಗಿಲಲ್ಲಿ ನಿಂತಿದ್ದಳು. ಆರು ವರ್ಷದಲ್ಲಿ ಒಂದು ಗೇಣು ಕುಗ್ಗಿದ್ದಳು. ಅವಳನ್ನು ಅಪ್ಪಿಕೊಂಡು ನಾನು ಹೋ ಎಂದು ಅತ್ತೆ. “ಬಣ್ಣ ಕೆಡುತ್ತೆ ಬಿಡೇ,” ಎಂದು ಬೈಸಿಕೊಂಡೆ. ಬೆಳ್ಳಿ ಮಣಿಯ ಲಾಸೊವನ್ನು ಇಬ್ಬರ ಹೆಗಲಿಗೂ ಹಾಕಿದೆ. ಆಮೇಲೆ ಏಳಿ ಎಂದರು ಪಾದ್ರಿ. ಇಬ್ಬರ ಮಂಡಿಯೂ ಏಳಲೊಲ್ಲದು. ಲಾಸೊದ ಒಳಗಿದ್ದ ಮೇಲೆ ಒಬ್ಬರು ಎದ್ದರೆ ಇನ್ನೊಬ್ಬರೂ ಏಳಬೇಕು, ಒಬ್ಬರು ಕುಸಿದರೆ ಇಬ್ಬರೂ ಕುಸಿಯಬೇಕು. ಒಂದು ಕಡೆ ನಾನು, ಇನ್ನೊಂದು ಕಡೆ ಪಾದ್ರಿ ನಿಂತು, ಒಂದು ಎರಡು ಮೂರು ಎಂದು ಎಣಿಸಿ ಎತ್ತಿದೆವು. ಇಡೀ ಚರ್ಚು ಚಪ್ಪಾಳೆ ತಟ್ಟಿತು. ಅಮ್ಮನಿಗೆ ನಗು ತಡೆಯಲಾಗದೆ ಬಿಕ್ಕಳಿಕೆ ಬಂತು.

ಕೆಂಪು ಮೆಣಸಿನ ಸಾರಿನಲ್ಲಿ ಬೆಂದ ಮದುವೆಯ ಹಂದಿಮಾಂಸವನ್ನು ಮೂರು ಸಲ ಹಾಕಿಸಿಕೊಂಡೆ. “ಹೊಟ್ಟೇಲಿ ತಗೊಂಡು ಹೋದ್ರೆ ಯಾವ ಅಧಿಕಾರೀನೂ ಕೇಳಲ್ಲ, ತಿನ್ನು,” ಎಂದು ಅಮ್ಮ ನಾಲ್ಕನೆಯ ಸಲವೂ ಬಡಿಸಿದಳು.

ಮರುದಿನ ಬೆಳಿಗ್ಗೆ ದೋನ್ ಇಲಾರಿಯೊ ನನ್ನ ಚೀಲ ಹೊತ್ತು ಸೇತುವೆಯ ಬುಡದವರೆಗೆ ಬಂದರು. ಜನರ ನೂಕಿನಲ್ಲಿ ಸೇತುವೆಯ ನಡುವೆ ಬಂದಾಗ ಚೀಲ ತೊಡೆಗೆ ಬಡಿಯಿತು. ಒಳಗೆ ಗುಂಡಗೆ, ಗಟ್ಟಿಯಾಗಿ ಏನೋ ಇತ್ತು. ನಾನು ಇಟ್ಟದ್ದಲ್ಲ.

ಅಯ್ಯೋ ಅಮ್ಮಾ! ಅಲ್ಲೇ ಬಿಚ್ಚಿ ನೋಡೋಣವೆಂದರೆ ತಲೆಯ ಮೇಲೆ ಕ್ಯಾಮೆರಾ. ಹಿಂದಕ್ಕೆ ತಿರುಗೋಣವೆಂದರೆ ಅದೂ ಅನುಮಾನವೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಚೀಲವನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತ ಸರದಿಯಲ್ಲಿ ನಡೆದೆ.

ಅಧಿಕಾರಿ ನಡುವಯಸ್ಸಿನವನು, ನಮ್ಮ ಭಾಷೆಯವನೇ. ಕಾರ್ಡು ನೋಡಿದ, ಕಂಪ್ಯೂಟರ್ ನೋಡಿದ. ಹುಬ್ಬು ಮೇಲಕ್ಕೆ ಹೋಯಿತು.

“ಯಾಕೆ ಹೋಗಿದ್ರಿ?”

“ಅಮ್ಮನ ಮದುವೆಗೆ.”

“ಯಾರ ಮದುವೆಗೆ?”

“ನನ್ನಮ್ಮನ ಮದುವೆ ಸ್ವಾಮಿ. ಎಪ್ಪತ್ತೊಂಬತ್ತು ಅವಳಿಗೆ.”

ಅವನು ನನ್ನನ್ನೇ ನೋಡಿದ. “ತಿನ್ನೋ ಪದಾರ್ಥ ಏನಾದ್ರೂ?”

ಲಾಯರಮ್ಮನ ಮಾತು ನೆನೆದು, ಕಣ್ಣು ಮುಚ್ಚಿ ಹೇಳಿಬಿಟ್ಟೆ. “ಗೊತ್ತಿಲ್ಲ. ನಾನು ಇಟ್ಟಿಲ್ಲ, ಆದ್ರೆ ಅಮ್ಮ ಇಟ್ಟಿದ್ದಾಳೆ. ಏನು ಅಂತ ಗೊತ್ತಿಲ್ಲ. ದಯವಿಟ್ಟು ನೀವೇ ನೋಡಿ.”

ಮೇಜಿನ ಮೇಲೆ ಚೀಲ ಖಾಲಿಯಾಯಿತು. ಹೇರ್‌ಪಿನ್ನಿನಿಂದ ಹಿಡಿದು ಬೂಟಿನ ತುದಿಯವರೆಗೆ ತಡಕಿದ. ಕಾಲುಚೀಲ ಕೊಡವಿದ.

“ಏನೂ ಇಲ್ವಲ್ಲಮ್ಮ.”

“ಇನ್ನೊಂದ್ಸಲ ನೋಡಿ. ನಮ್ಮಮ್ಮನ್ನ ನೀವು ಕಂಡಿಲ್ಲ.”

ಕೊನೆಗೆ ಟವೆಲ್ಲಿನ ಸುರುಳಿಯೊಳಗಿಂದ ಬಿಸ್ಕತ್ತಿನ ದುಂಡು ಡಬ್ಬಿ ಸಿಕ್ಕಿತು. ಅಧಿಕಾರಿ ಅದರ ಮುಚ್ಚಳ ತೆಗೆದ. ಒಳಗೆ ಬೆಳ್ಳಿ ಮಣಿಯ ಲಾಸೊ, ಅದರ ಮೇಲೊಂದು ಚೀಟಿ. ದೋನ್ ಇಲಾರಿಯೊ ಅವರ ಗುಂಡನೆಯ ಅಕ್ಷರ, ಮಾತು ಮಾತ್ರ ಅಮ್ಮನದು. ಅಧಿಕಾರಿ ಜೋರಾಗಿಯೇ ಓದಿದ.

“ತಿನ್ನೋದು ಏನೂ ಇಟ್ಟಿಲ್ಲ. ಹಸಿವಾದ್ರೆ ನೀನೇ ಬಾ. ಲಾಸೊ ನಮ್ಮ ಮನೇಲಿ ಇರಬೇಕಾದ್ದು. ಮುಂದಿನ ತಿಂಗಳು ತಂದುಕೊಡು.”

ನನಗೆ ಮೊದಲು ನಗು ಬಂತು, ಆಮೇಲೆ ಅಳು, ಆಮೇಲೆ ಎರಡೂ ಒಟ್ಟಿಗೆ. ಇಷ್ಟು ವರ್ಷ ತಿನ್ನುವುದನ್ನು ಕದ್ದು ಕಳಿಸಿದವಳು, ಈ ಸಲ ನಾನು ವಾಪಸು ಬರಲೇಬೇಕಾದ ಕಾರಣವನ್ನು ಕದ್ದು ಇಟ್ಟಿದ್ದಳು. ಅಧಿಕಾರಿ ಡಬ್ಬಿಯ ಮುಚ್ಚಳವನ್ನು ಜೋಪಾನವಾಗಿ ಮುಚ್ಚಿ, ಕಾರ್ಡು ಕೈಗಿಟ್ಟ.

“ಮುಂದಿನ ತಿಂಗಳು ಶನಿವಾರ ಬರಬೇಡಿ, ಉದ್ದ ಸಾಲಿರುತ್ತೆ,” ಎಂದ. “ಮಂಗಳವಾರ ಬನ್ನಿ.”

ಹೊರಗೆ ಫೆರ್ಮಿನ್ ಕಾರಿಗೆ ಒರಗಿ ನಿಂತಿದ್ದ, ಮುಖ ಬಿಳಿಚಿಕೊಂಡು.

“ಏನಂದ್ರು?” ಎಂದ.

“ಮಂಗಳವಾರ ಬಾ ಅಂದ್ರು,” ಎಂದೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತೆ.