ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ

ಫೈಲು ಸಿಗುತ್ತಿಲ್ಲ ಎಂದು ಕಂಪ್ಯೂಟರು ಮತ್ತೊಮ್ಮೆ ಹೇಳಿದಾಗ ಸೊಸೆಗೆ ಅದರ ಮೂತಿಗೆ ಒಂದು ಬಿಗಿಯಬೇಕೆನ್ನಿಸಿತು. ಸಿಗದೆ ಎಲ್ಲಿಗೆ ಹೋದೀತು? ಅದು ಎದ್ದು ಕೂತದ್ದೇ ಈ ಪೆನ್‌ಡ್ರೈವಿನಿಂದ. ಭಾಷೆ ಯಾವುದು, ಹೊತ್ತೆಷ್ಟು ಎಂದು ಹೊಸ ನೆಂಟನ ಹಾಗೆ ಕುಶಲ ವಿಚಾರಿಸಿದ್ದೂ ಇದರಿಂದಲೇ. ಈಗ ಅರ್ಧ ದಾರಿಯಲ್ಲಿ ನಿಂತು, ಬೇಕಾದ ಫೈಲು ಇದರಲ್ಲಿ ಇಲ್ಲವೇ ಇಲ್ಲ ಎಂದು ಮೊಂಡು ಹಿಡಿದಿತ್ತು.

ಪಕ್ಕದಲ್ಲಿ ಮರ ಕೆತ್ತುವ ಯಂತ್ರ ಧೂಳು ಹೊದ್ದು ಮಲಗಿತ್ತು. ಈ ಕಂಪ್ಯೂಟರು ಹೇಳಿದಂತೆ ಅದು ಕೆತ್ತಬೇಕು, ಇಲ್ಲದಿದ್ದರೆ ಅದು ಬರೀ ಕಬ್ಬಿಣ. ಹಳೆಯ ಹಾರ್ಡ್‌ಡಿಸ್ಕು ಕಣ್ಣು ಮುಚ್ಚಿದಾಗ, ಹೊಸದೊಂದನ್ನು ಹಾಕಿ ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನು ಮತ್ತೆ ಕೂರಿಸಿದರಾಯಿತು, ಯಂತ್ರ ಮಾರಿದವನು ಕೊಟ್ಟ ಪೆನ್‌ಡ್ರೈವ್ ಇದೆಯಲ್ಲ ಎಂದು ಸೊಸೆಯೇ ಎಲ್ಲರಿಗೂ ಧೈರ್ಯ ಹೇಳಿದ್ದಳು. ಗಂಡನಿಗೆ ಅಷ್ಟು ನಂಬಿಕೆಯಿರಲಿಲ್ಲ. ನಾಳೆ ಬೆಳಿಗ್ಗೆ ಒಬ್ಬರು ಯಂತ್ರ ನೋಡಲು ಬರುತ್ತಾರೆ, ಅಷ್ಟರಲ್ಲಿ ಓಡಿದರೆ ಸರಿ, ಇಲ್ಲದಿದ್ದರೆ ಕೊಟ್ಟು ಕೈ ತೊಳೆದುಕೊಳ್ಳೋಣ ಎಂದಿದ್ದ.

ಅವನ ಲೆಕ್ಕದಲ್ಲಿ ಅದು ಯಂತ್ರ. ಅವನ ಅಪ್ಪನಿಗೆ ಅದು ಬಲಗೈ. ಬಡಗಿಯಾಗಿ ಹೆಸರು ಮಾಡಿದ್ದ ಮಾವನಿಗೆ ಲಕ್ವ ಹೊಡೆದ ಮೇಲೆ ಉಳಿ ಹಿಡಿದರೆ ಕೈ ನಡುಗುತ್ತಿತ್ತು. ಅವರು ಕಾಗದದ ಮೇಲೆ ಹೇಗೋ ಗೀಚಿದ ಬಳ್ಳಿಯನ್ನು ಸೊಸೆ ಕಂಪ್ಯೂಟರಿಗೆ ಏರಿಸುತ್ತಿದ್ದಳು, ಯಂತ್ರ ಅದನ್ನು ಮರಕ್ಕೆ ಇಳಿಸುತ್ತಿತ್ತು. ಇದು ಯಾರ ಕೆತ್ತನೆ ಎಂದು ಯಾರಾದರೂ ಕೇಳಿದರೆ ಮಾವ ನನ್ನದೇ ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಂತ್ರ ಹೋದರೆ ಅಂಗಡಿಯ ಮೂಲೆಯಲ್ಲಿ ಅವರಿಗೊಂದು ಕುರ್ಚಿ ಉಳಿಯುತ್ತಿತ್ತು, ಅಷ್ಟೆ.

ಸೊಸೆ ಪೆನ್‌ಡ್ರೈವನ್ನು ಬೇರೆ ತೂತಿಗೆ ಸಿಕ್ಕಿಸಿ ನೋಡಿದಳು, ಊದಿ ನೋಡಿದಳು, ಹೊಸ ಡಿಸ್ಕನ್ನೇ ಬೈದು ನೋಡಿದಳು. ಕೊನೆಗೆ ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ಕಾಣೆಯಾದ ಫೈಲಿನ ಹೆಸರು ಹುಡುಕಿದರೆ, ಅದು ಅಲ್ಲೇ ಕಾಲು ಚಾಚಿ ಕೂತಿತ್ತು. ಅವಳ ತಲೆ ಕೆಟ್ಟು ಮೊಸರಾಯಿತು. ಯಂತ್ರ ಮಾರಿದವನಿಗೆ ಫೋನ್ ಮಾಡಿದಳು.

"ಇದೆ ಅಂತೀರಿ, ಇಲ್ಲ ಅಂತೀರಿ," ಎಂದ ಅವನು. "ಇರೋದು ಇರಬೇಕಾದ ಜಾಗದಲ್ಲಿ ಇದೆಯಾ ನೋಡಿ ಮೇಡಂ. ಅದು ಹುಡುಕೋ ಪೈಕಿ ಅಲ್ಲ, ಇಟ್ಟ ಕಡೆ ಕೈ ಹಾಕುತ್ತೆ ಅಷ್ಟೆ." ಆ ಫೈಲುಗಳ ಹೊಸ ಪ್ರತಿ ಕಳಿಸುತ್ತೇನೆ, ಪೆನ್‌ಡ್ರೈವಿಗೆ ಹಾಕಿಕೊಂಡರೆ ಟೀ ಕುಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ ಎಂದೂ ಹೇಳಿದ.

ಅವಳು ನೋಡಿದಳು. ಮೊದಲ ಒಂದೆರಡು ಫೋಲ್ಡರು ಬಿಟ್ಟರೆ ಉಳಿದವೆಲ್ಲ ಖಾಲಿ. ಅವುಗಳ ಸರಕೆಲ್ಲ ಕೊನೆಯಲ್ಲಿದ್ದ ಎರಡು ಹೊಸ ಫೋಲ್ಡರುಗಳಿಗೆ ಬಂದು ಬಿದ್ದಿತ್ತು. ವೈರಸ್ಸೇ ಇರಬೇಕು ಎಂದುಕೊಂಡಳು. ಆದರೆ ಎಂಥ ಶಿಸ್ತಿನ ವೈರಸ್ಸು ಇದು? ಒಂದರಲ್ಲಿ ಬರೀ ದೊಡ್ಡ ಫೈಲುಗಳು, ಇನ್ನೊಂದರಲ್ಲಿ ಬರೀ ಚಿಕ್ಕವು. ದಿಕ್ಕು ತೋಚದೆ ತಲೆಯೆತ್ತಿದಳು. ಎದುರಿನ ಗೋಡೆಗೆ ಮಾವ ಮರದ ತುಂಡುಗಳನ್ನು ಜೋಡಿಸಿಟ್ಟಿದ್ದ ಗೂಡುಗಳಿದ್ದವು. ಯಾವ ಮರವಾದರೂ ಸರಿ, ಉದ್ದದ್ದೆಲ್ಲ ಒಂದರಲ್ಲಿ, ಗಿಡ್ಡದ್ದೆಲ್ಲ ಇನ್ನೊಂದರಲ್ಲಿ.

ಕೈಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದಾಗ ಮಾವನಿಗೆ ಮೌಸ್ ಹಿಡಿಯಲು ಕಲಿಸಿದವಳು ಅವಳೇ. ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿದ್ದ ಪೆನ್‌ಡ್ರೈವನ್ನು ಕೊಟ್ಟು, ಇದರಲ್ಲಿರುವುದನ್ನು ಅಲ್ಲಿಂದಿಲ್ಲಿಗೆ ಎಳೆಯುತ್ತಿರಿ ಎಂದವಳೂ ಅವಳೇ. ಅದು ಯಾವ ಪೆನ್‌ಡ್ರೈವ್ ಎಂದು ಆಗ ನೋಡಿರಲಿಲ್ಲ.

ಮಾವ ಬಾಗಿಲ ಬಳಿ ಎಡಗೈಯಲ್ಲಿ ಹಲಗೆಯೊಂದನ್ನು ಉಜ್ಜುತ್ತಿದ್ದರು.

"ಮಾವ, ಇದನ್ನ ನೀವು ಜೋಡಿಸಿದ್ರಾ?"

ಅವರು ಬಂದು ನೋಡಿದರು, ಮುಖ ಅರಳಿತು. "ಎಲ್ಲಾ ಚೆಲ್ಲಾಪಿಲ್ಲಿ ಬಿದ್ದಿತ್ತಮ್ಮ. ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಮಾಡಿದೆ. ಮೊದಮೊದಲು ಒಂದನ್ನ ಎಳೆಯೋ ಹೊತ್ತಿಗೆ ಬೆವರು ಬರ್ತಿತ್ತು. ಆಮೇಲಾಮೇಲೆ ಕೈ ಮಾತು ಕೇಳ್ತು."

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಮುಖವನ್ನೂ, ಆಚೆಯ ಕಂಪ್ಯೂಟರಿನಲ್ಲಿ ಫೈಲು ಸಿಗುತ್ತಿಲ್ಲ ಎನ್ನುತ್ತಿದ್ದ ಕೆಂಪು ಸಾಲನ್ನೂ ಮಾವ ಒಮ್ಮೆ ನೋಡಿದರು.

"ನಾನೇ ಕೆಡಿಸಿದ್ನಾ?"

"ಕೆಟ್ಟಿಲ್ಲ ಮಾವ. ಜಾಗ ಬದಲಾಗಿದೆ."

ಅವರು ತಮ್ಮ ಬಲಗೈಯನ್ನೇ ನೋಡುತ್ತ ಕುರ್ಚಿಯಲ್ಲಿ ಕೂತರು.

"ಹಾಗಾದ್ರೆ ನಾನೇ ವಾಪಸ್ ಇಡ್ತೀನಿ," ಎಂದರು. "ಯಾವುದು ಎಲ್ಲಿಗೆ ಅಂತ ನೀನು ಹೇಳ್ತಾ ಹೋಗು. ಸಂಜೆಯೊಳಗೆ ಆಗುತ್ತಲ್ಲ?"

ಲ್ಯಾಪ್‌ಟಾಪು ಟಿಂಗ್ ಎಂದಿತು. ಹೊಸ ಪ್ರತಿ ಬಂದಿಳಿದಿತ್ತು. ಗಂಡ ಒಳಗಿಣುಕಿ, ಇನ್ನೂ ಎಷ್ಟು ಹೊತ್ತು ಎಂದು ಕೇಳಿದ. ಸಂಜೆಯಾಗುತ್ತದೆ ಎಂದಳು ಸೊಸೆ.

ಅವಳು ಹೊಸ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕದೆ ಬರೀ ತೆರೆದು, ಅದನ್ನು ನೋಡಿಕೊಂಡು ಮೊದಲ ಫೈಲಿನ ಜಾಗ ಹೇಳಿದಳು. ಮಾವ ಮೌಸ್ ಹಿಡಿದರು. ಫೈಲು ಪರದೆಯ ಮೇಲೆ ನಡುಗುತ್ತ ಅರ್ಧ ದೂರ ಬಂದು ಜಾರಿತು, ಮತ್ತೆ ಮೊದಲಿದ್ದಲ್ಲಿಗೇ ಹೋಗಿ ಕೂತಿತು. ಮೌಸಿನ ಕಡೆ ಹೊರಟಿದ್ದ ತನ್ನ ಕೈಯನ್ನು ಸೊಸೆ ಮಡಿಲಿಗೆ ಎಳೆದುಕೊಂಡಳು. ಮಾವ ಅಂಗೈಯ ಬೆವರನ್ನು ಅಂಗಿಗೆ ಒರೆಸಿಕೊಂಡು, ಅದೇ ಫೈಲನ್ನು ಮತ್ತೆ ಹಿಡಿದರು.