ಹದಿನೈದು ನಿಮಿಷದ ಮೊಮ್ಮಗಳು

ಮೂವತ್ತು ವರ್ಷ ಊರವರ ಮಾತಿಗೆಲ್ಲ ತಂತಿ ಜೋಡಿಸಿಕೊಟ್ಟ ಟೆಲಿಫೋನ್ ಆಪರೇಟರಮ್ಮನಿಗೆ ನಿವೃತ್ತಿಯಾದ ಮೇಲೆ ತನ್ನ ಮೊಮ್ಮಗಳ ಜೊತೆ ಮಾತಾಡಲು ಸಿಗ್ನಲ್ ಹುಡುಕಿಕೊಂಡು ಅಲೆಯುವ ಗತಿ ಬಂತು. ಕಾರಣ ಗಂಡನ ವ್ಯಾನು. ಒಲೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಇರುವ ಆ ವ್ಯಾನನ್ನು ಅವನು ಮನೆ ಮಾರಿ ಕೊಂಡಿದ್ದ. ಜೀವಮಾನವೆಲ್ಲ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದವನಿಗೆ ಮನಸ್ಸು ಬಂದಲ್ಲಿ ನಿಲ್ಲಿಸುವ ಆಸೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ ಅವನು, ಜಗಳವಾಡಿ ಫಲವಿಲ್ಲ. ಅವಳು ಒಂದೇ ಷರತ್ತು ಹಾಕಿದಳು: ಭಾನುವಾರ ಹನ್ನೊಂದಕ್ಕೆ ವ್ಯಾನು ನೆಟ್ ಇರುವ ಜಾಗದಲ್ಲಿರಬೇಕು.

ಮಗ ಸೊಸೆಯನ್ನು ಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಮೊಮ್ಮಗಳ ಮುಖ ಅಜ್ಜಿಗೆ ಕಾಣುತ್ತಿದ್ದದ್ದು ವಾರಕ್ಕೆ ಹದಿನೈದು ನಿಮಿಷ, ವಿಡಿಯೊದಲ್ಲಿ. ಅದೂ ಸೊಸೆಯ ದೊಡ್ಡ ಮನಸ್ಸು. ಕಳೆದೆರಡು ಭಾನುವಾರ ಆ ಮಾತೂ ತಪ್ಪಿತ್ತು. ಒಮ್ಮೆ ಕಣಿವೆ, ಇನ್ನೊಮ್ಮೆ ಕಾಡು. ಸೊಸೆ ಕೂಗಾಡಲಿಲ್ಲ.

"ಮಗು ತಲೆ ಬಾಚಿಸ್ಕೊಂಡು ಫೋನ್ ಮುಂದೆ ಕಾಯ್ತಾ ಕೂರುತ್ತೆ ಅತ್ತೆ. ಇನ್ನೊಂದು ಸಲ ಹೀಗಾದ್ರೆ ಬಿಟ್ಬಿಡೋಣ."

ನ್ಯಾಯ ಸೊಸೆಯ ಕಡೆಗೇ ಇತ್ತು. ಆದ್ದರಿಂದ ಅತ್ತೆಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು.

ಈ ವಾರ ಪೇಟೆಯ ಪೆಟ್ರೋಲ್ ಬಂಕಿನ ಹಿಂದೆ ನಿಲ್ಲಿಸೋಣ ಎಂದು ಗೋಗರೆದಳು. ಡೀಸೆಲ್ ವಾಸನೆ ಕುಡಿಯುವುದಕ್ಕೆ ಮನೆ ಮಾರಿದ್ದಾ ಎಂದು ಅವನು ಮುಖ ಸಿಂಡರಿಸಿದ. ಶುಕ್ರವಾರ ಸಂಜೆ, ಕೆರೆ ದಂಡೆಯಲ್ಲಿ ವ್ಯಾನುಗಳು ತಂಗುವ ಮೈದಾನಕ್ಕೆ ತಂದು ನಿಲ್ಲಿಸಿದ. ಏಣಿ ಹತ್ತಿ ಆಂಟೆನಾ ನೆಟ್ಟಗೆ ಮಾಡಿ, ನಾಲ್ಕು ಕಡ್ಡಿ ಸಿಗ್ನಲ್ ತೋರಿಸುವ ಫೋನನ್ನು ಅವಳ ಮೂಗಿಗೇ ಹಿಡಿದ. ಅವಳು ಹಾಗೆಲ್ಲ ನಂಬುವವಳಲ್ಲ. ಹಳೇ ಗೆಳತಿಗೆ ವಿಡಿಯೊ ಮಾಡಿ ನೋಡಿದಳು, ಗೆಳತಿಯ ಹಲ್ಲಿನ ಸಂದಿಯೂ ಕಾಣಿಸಿತು. ಆಗ ನೆಮ್ಮದಿಯಾಯಿತು.

ಶನಿವಾರದಿಂದ ವ್ಯಾನುಗಳು ಬರತೊಡಗಿದವು. ಭಾನುವಾರ ಬೆಳಿಗ್ಗೆ ಅರವತ್ತಕ್ಕೆ ಕಡಿಮೆಯಿರಲಿಲ್ಲ. ಒಂದೊಂದರಲ್ಲೂ ಹಾಡು ನೋಡುವವರು, ಮ್ಯಾಚು ನೋಡುವವರು. ಹತ್ತೂವರೆಗೆ ಅವಳು ಫೋನ್ ತೆಗೆದರೆ ನಾಲ್ಕು ಕಡ್ಡಿಗಳು ಇದ್ದಲ್ಲೇ ಇದ್ದವು, ಆದರೆ ಒಂದು ಮೆಸೇಜೂ ಹೋಗಲೊಲ್ಲದು. ಗೇಟಿನ ಕಾವಲುಗಾರನ ಹತ್ತಿರ ಓಡಿದಳು.

"ಭಾನುವಾರ ಇಲ್ಲಿ ಹೀಗೇ ಅಮ್ಮ. ಇರೋದು ಒಂದೇ ಟವರು, ಇಷ್ಟು ಜನಕ್ಕೆ ಎಲ್ಲಿ ಸಾಲುತ್ತೆ? ಯಜಮಾನ್ರಿಗೆ ಶುಕ್ರವಾರನೇ ಹೇಳಿದ್ದೆನಲ್ಲ."

ಗಂಡ ನೀರಿಗೆ ಗಾಳ ಬಿಟ್ಟು ಕೂತಿದ್ದ. ನಿಮಗೆ ಗೊತ್ತಿತ್ತಾ ಎಂದು ಕೇಳಿದಳು. ಅವನು ತಿರುಗಿಯೂ ನೋಡಲಿಲ್ಲ.

"ಗೊತ್ತಿತ್ತು. ಸಿಕ್ಕರೂ ಸಿಗಬಹುದು ಅಂದ್ಕೊಂಡೆ. ವಾರವೆಲ್ಲ ಆ ಹದಿನೈದು ನಿಮಿಷಕ್ಕೇ ಬದುಕ್ತೀಯ. ನನ್ನ ಪಕ್ಕ ಒಂದು ಭಾನುವಾರ ಆದ್ರೂ ಕೂತಿದ್ದೀಯಾ?"

ಅವಳು ವ್ಯಾನಿನ ಕಡೆಗೆ ಓಡಿದಳು. ಪೇಟೆಗೆ ಹೋಗೋಣವೆಂದರೆ ಅವರ ವ್ಯಾನಿಗೆ ಅಡ್ಡವಾಗಿ ಮೂರು ವ್ಯಾನು ನಿಂತಿದ್ದವು. ಒಳಗೆ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೂತಳು.

ಸರಿಯಾಗಿ ಹನ್ನೊಂದಕ್ಕೆ ಕಾಲ್ ಬಂತು. ಎರಡು ಜಡೆ, ಅರ್ಧ ತೆರೆದ ಬಾಯಿ, ಪುಟ್ಟ ಮುಖ ಕಾಣಿಸಿದ್ದೇ ಅಲ್ಲೇ ನಿಂತುಬಿಟ್ಟಿತು. ಅಜ್ಜಿ ಕೂಗಿದಳು, ಕೈಬೀಸಿದಳು, ಫೋನನ್ನು ಕಿಟಕಿಗೆ ಹಿಡಿದಳು. ಐದು ನಿಮಿಷವಾದರೂ ಚಿತ್ರ ಕದಲಲಿಲ್ಲ. ಕೊನೆಗೆ ದನಿ ಮಾತ್ರ ಬಂತು, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ.

"ಅಮ್ಮಾ, ಅಜ್ಜಿ ಅಲ್ಲಾಡ್ತಾನೇ ಇಲ್ಲ. ನಾನು ಆಟಕ್ಕೆ ಹೋಗ್ಲಾ?"

"ಹೋಗು ಮರಿ."

ಮಗುವಿನ ದನಿಯಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಅತ್ತುಕೊಂಡು ಹೋಗಿದ್ದರೂ ಅಜ್ಜಿ ತಡೆದುಕೊಳ್ಳುತ್ತಿದ್ದಳು.